ಹಿರೋಷಿಮಾದಿಂದ ನಾಗಸಾಕಿಗೆ ಒಂದೇ ದಿನದಲ್ಲಿ ಹೋಗಿ ಬರುವ ಯೋಚನೆ ಇದ್ದರೆ, ದಯವಿಟ್ಟು ಇದನ್ನು ಓದಿ

ಜಪಾನಿಗೆ ಹೊರಟಿರುವ ಇಬ್ಬರು ಪರಿಚಯದವರು ಈ ತಿಂಗಳು ನನಗೆ ಫೋನ್ ಮಾಡಿದ್ದರು. ಇಬ್ಬರದೂ ಒಂದೇ ಪ್ರಶ್ನೆ. "ಹಿರೋಷಿಮಾದಲ್ಲಿ ಎರಡು ದಿನ ಇರ್ತೀವಿ, ಅಲ್ಲಿಂದ ಒಂದು ದಿನ ನಾಗಸಾಕಿ ನೋಡ್ಕೊಂಡು ಬರಬಹುದಲ್ವಾ?" ಇಬ್ಬರಿಗೂ ಬೇಡ ಅಂದೆ. ಯಾಕೆ ಅಂತ ಫೋನಿನಲ್ಲಿ ಪೂರ್ತಿ ಹೇಳೋಕೆ ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕಳೆದ ನವೆಂಬರ್‌ನಲ್ಲಿ ಅಮ್ಮನನ್ನು ಕರೆದುಕೊಂಡು ನಾನು ಇದೇ ಕೆಲಸ ಮಾಡಿದೆ. ಆ ದಿನ ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ನಾವು ಚಿಕ್ಕಂದಿನಿಂದ ಈ ಎರಡು ಊರನ್ನು ಒಂದೇ ಉಸಿರಲ್ಲಿ ಹೇಳುತ್ತೇವೆ. ಹಿರೋಷಿಮಾ-ನಾಗಸಾಕಿ. ಹುಬ್ಬಳ್ಳಿ-ಧಾರವಾಡ ಅಂದ ಹಾಗೆ. ಹಾಗಾಗಿ ಅಕ್ಕಪಕ್ಕದ ಊರುಗಳು ಅಂತ ಮನಸ್ಸಿನಲ್ಲಿ ಕೂತುಬಿಟ್ಟಿರುತ್ತದೆ. ಆದರೆ ನಕ್ಷೆಯ ಮೇಲೆ ನೇರವಾಗಿ ಗೆರೆ ಎಳೆದರೂ ಎರಡರ ನಡುವೆ ಸುಮಾರು 300 ಕಿಲೋಮೀಟರ್ ಇದೆ. ಒಂದು ಹೊನ್ಶು ದ್ವೀಪದಲ್ಲಿದೆ, ಇನ್ನೊಂದು ಕ್ಯುಶು ದ್ವೀಪದ ಪಶ್ಚಿಮದ ಅಂಚಿನಲ್ಲಿ. ನೇರ ರೈಲು ಇಲ್ಲ. ಹಿರೋಷಿಮಾದಿಂದ ಕ್ಯುಶುವಿನ ಫುಕುವೋಕಾ ನಗರದಲ್ಲಿರುವ ಹಕಾತಾ ಸ್ಟೇಷನ್ನಿನವರೆಗೆ ಒಂದು ಶಿಂಕಾನ್ಸೆನ್, ಅಂದರೆ ಬುಲೆಟ್ ರೈಲು. ಅಲ್ಲಿ ಇಳಿದು 'ರಿಲೇ ಕಮೋಮೆ' ಎಂಬ ಎಕ್ಸ್‌ಪ್ರೆಸ್ ಹತ್ತಿ ತಾಕೆಒ ಒನ್ಸೆನ್ ಸ್ಟೇಷನ್. ಅಲ್ಲಿಂದ 'ಕಮೋಮೆ' ಶಿಂಕಾನ್ಸೆನ್. ಈ ಕೊನೆಯ ಮಾರ್ಗ ಶುರುವಾದದ್ದು 2022ರ ಸೆಪ್ಟೆಂಬರ್ 23ರಂದು. ಉದ್ದ ಬರೀ 66 ಕಿಲೋಮೀಟರ್, ಬೇರೆ ಯಾವ ಶಿಂಕಾನ್ಸೆನ್ ಮಾರ್ಗಕ್ಕೂ ಸೇರಿಕೊಂಡಿಲ್ಲ. ಎಲ್ಲ ಸರಿಯಾಗಿ ಕೂಡಿಬಂದರೂ ಹೋಗೋಕೆ ಮೂರು ಗಂಟೆ, ಬರೋಕೆ ಮೂರು ಗಂಟೆ ಅಂತ ಇಟ್ಟುಕೊಳ್ಳಿ.

ನಮಗೆ ಎಲ್ಲವೂ ಕೂಡಿಬರಲಿಲ್ಲ.

ಅಮ್ಮನ ಬಗ್ಗೆ ಎರಡು ಮಾತು ಹೇಳಬೇಕು, ಇಲ್ಲದಿದ್ದರೆ ನನ್ನ ಸಂಕಟ ನಿಮಗೆ ಅರ್ಥ ಆಗಲಿಕ್ಕಿಲ್ಲ. ಅಮ್ಮ ಸಾಗರದ ಹತ್ತಿರ ಒಂದು ಸರ್ಕಾರಿ ಶಾಲೆಯಲ್ಲಿ ಟೀಚರ್ ಆಗಿದ್ದಳು. ಪ್ರತಿ ವರ್ಷ ಆಗಸ್ಟ್ 6 ಮತ್ತು 9ನೇ ತಾರೀಕು ಪಾಠ ಬದಿಗಿಟ್ಟು ಮಕ್ಕಳಿಗೆ ಈ ಎರಡು ಊರಿನ ಕಥೆ ಹೇಳುತ್ತಿದ್ದಳು. ಹೊರಡುವ ಮುಂಚೆ ನಮ್ಮ ಬೀದಿಯ ಮಕ್ಕಳನ್ನೆಲ್ಲ ಕೂರಿಸಿಕೊಂಡು, ಶಾಂತಿಯ ಗುರುತಾಗಿ ಅಲ್ಲಿ ಅರ್ಪಿಸುವ ಕಾಗದದ ಕೊಕ್ಕರೆ ಮಾಡಿಸಿದ್ದಳು. ಹಳೇ ನೋಟ್‌ಬುಕ್ಕಿನ ಹಾಳೆ. ಕೆಲವದರ ರೆಕ್ಕೆ ಮೇಲೆ ಮಗ್ಗಿ ಬರೆದದ್ದು ಹಾಗೇ ಕಾಣುತ್ತಿತ್ತು. ದಾರದಲ್ಲಿ ಪೋಣಿಸಿ ಎರಡು ಸರ ಮಾಡಿದ್ದಳು. ಒಂದು ಹಿರೋಷಿಮಾಕ್ಕೆ, ಒಂದು ನಾಗಸಾಕಿಗೆ.

ಬೆಳಿಗ್ಗೆ ಬೇಗ ಹೊರಟೆವು. ದಾರಿಯಲ್ಲಿ ಕೊಕುರಾ ಸ್ಟೇಷನ್ ಬಂತು. ಅಮ್ಮ ಕಿಟಕಿಗೆ ಮುಖ ಒತ್ತಿ ಬೋರ್ಡ್ ಓದಿದಳು. "ಇದೇ ಕಣೋ ಕೊಕುರಾ. ಆವತ್ತು ಬಾಂಬ್ ಹಾಕ್ಬೇಕು ಅಂತಿದ್ದಿದ್ದು ಇಲ್ಲಿಗೆ" ಅಂದಳು. ನನಗೆ ಮರೆತೇಹೋಗಿತ್ತು. 1945ರ ಆಗಸ್ಟ್ 9ರಂದು ವಿಮಾನ ಮೊದಲು ಬಂದದ್ದು ಕೊಕುರಾದ ಮೇಲೆ. ಕೆಳಗೆ ಹೊಗೆ, ಮಬ್ಬು ಮುಸುಕಿ ಗುರಿ ಕಾಣಲಿಲ್ಲ. ಮೂರು ಸಲ ಸುತ್ತು ಹಾಕಿ, ನಾಗಸಾಕಿಗೆ ತಿರುಗಿತು.

ಹಕಾತಾದಲ್ಲಿ ಮೊದಲ ಪೆಟ್ಟು ಬಿತ್ತು. ನಮ್ಮ ಹತ್ತಿರ ಇದ್ದದ್ದು ಸಾನ್ಯೊ-ಸಾನಿನ್ ರೈಲ್ ಪಾಸ್. ಬೆಂಗಳೂರಿನ ಒಬ್ಬ ಟ್ರಾವೆಲ್ ಏಜೆಂಟ್ ಮಾಡಿಸಿ ಕೊಟ್ಟದ್ದು. "ನಾಗಸಾಕಿವರೆಗೂ ನಡೆಯುತ್ತೆ ಸರ್" ಅಂದಿದ್ದರು. ನಾನೂ ಸುಮ್ನೆ ನಂಬಿದೆ. ಆ ಪಾಸ್ ನಡೆಯುವುದು ಹಕಾತಾವರೆಗೆ ಮಾತ್ರ. ಅಲ್ಲಿಂದಾಚೆ ಕ್ಯುಶುವಿನ ರೈಲುಗಳು ಬೇರೆ ಕಂಪನಿಯವು. ಗೇಟ್ ಮುಚ್ಚಿಕೊಂಡಿತು. ಪಕ್ಕದಲ್ಲಿದ್ದ ಸಿಬ್ಬಂದಿ ನಕ್ಷೆ ತೆಗೆದು, ಒಸಾಕಾದಿಂದ ಬೆರಳು ಎಳೆದುಕೊಂಡು ಬಂದು ಹಕಾತಾದ ಮೇಲೆ ನಿಲ್ಲಿಸಿದರು. ಆಮೇಲೆ ಎರಡೂ ಕೈ ಅಡ್ಡ ಹಿಡಿದು ತೋರಿಸಿದರು. ಮುಂದೆ ಇಲ್ಲ ಅಂತ. ಕ್ಯೂನಲ್ಲಿ ನಿಂತು ಬೇರೆ ಟಿಕೆಟ್ ತೆಗೆದುಕೊಳ್ಳಬೇಕಾಯಿತು. ಹಣ ಹೋಗಲಿ, ನಮ್ಮ ರೈಲು ಹೋಯಿತು. ಒಂದು ಗಂಟೆ ಅಲ್ಲೇ ಹಾಳಾಯಿತು.

ದಯವಿಟ್ಟು ನಿಮ್ಮ ಪಾಸ್ ಎಲ್ಲಿಂದ ಎಲ್ಲಿಗೆ ನಡೆಯುತ್ತದೆ ಅಂತ ನೀವೇ ನಕ್ಷೆ ಇಟ್ಟುಕೊಂಡು ನೋಡಿ. ಬೇರೆಯವರ ಬಾಯಿಮಾತು ಬೇಡ. ಇಡೀ ದೇಶಕ್ಕೆ ನಡೆಯುವ ಪಾಸ್ ಬೇರೆ ಇದೆ. ಆದರೆ 2023ರ ಅಕ್ಟೋಬರ್‌ನಲ್ಲಿ ಅದರ ಬೆಲೆ ಏಳು ದಿನಕ್ಕೆ 29,650 ಯೆನ್‌ನಿಂದ 50,000 ಯೆನ್‌ಗೆ ಏರಿತು. ನಾಗಸಾಕಿ ಒಂದಕ್ಕೋಸ್ಕರ ಅದನ್ನು ತೆಗೆದುಕೊಳ್ಳುವುದು ದುಬಾರಿ.

ತಾಕೆಒ ಒನ್ಸೆನ್‌ನಲ್ಲಿ ರೈಲು ಬದಲಿಸುವುದಕ್ಕೆ ಹೆದರಬೇಡಿ. ನೀವು ಹತ್ತಬೇಕಾದ ರೈಲು ಅದೇ ಪ್ಲಾಟ್‌ಫಾರ್ಮಿನ ಇನ್ನೊಂದು ಬದಿಗೆ ನಿಂತಿರುತ್ತದೆ. ಹತ್ತು ಹೆಜ್ಜೆ ಅಷ್ಟೆ.

ಬೇಗ ತಲುಪಿ, ಮೊದಲು ಅಣುಬಾಂಬ್ ಮ್ಯೂಸಿಯಂ ನೋಡಿ, ಮಧ್ಯಾಹ್ನ ಗುಂಕಾನ್‌ಜಿಮಾ ದ್ವೀಪದ ದೋಣಿ ಹತ್ತುವುದು ಅಂತ ನನ್ನ ಲೆಕ್ಕ ಇತ್ತು. ಈಗ ನಾಗಸಾಕಿಯಲ್ಲಿ ಇಳಿಯುವಾಗಲೇ ಹನ್ನೊಂದೂವರೆ ದಾಟಿತ್ತು. ಮ್ಯೂಸಿಯಂ ಸ್ಟೇಷನ್ನಿನಿಂದ ಉತ್ತರಕ್ಕೆ, ಬಂದರು ದಕ್ಷಿಣಕ್ಕೆ. ಹನ್ನೆರಡೂವರೆಗೆ ದೋಣಿಯ ಕೌಂಟರಿನಲ್ಲಿ ಇರಬೇಕು. ಎರಡರಲ್ಲಿ ಒಂದನ್ನು ಆರಿಸಲೇಬೇಕು.

ಅಮ್ಮ ಸ್ಪಷ್ಟವಾಗಿಯೇ ಹೇಳಿದಳು. "ಮೊದ್ಲು ಮ್ಯೂಸಿಯಂಗೆ ಹೋಗ್ಬಿಡಣ. ದೋಣಿ ಇರ್ಲಿ ಬಿಡು."

"ದುಡ್ಡು ಕಟ್ಟಿ ಆಗಿದೆ ಅಮ್ಮಾ. ಮ್ಯೂಸಿಯಂ ಎಲ್ಲಿ ಓಡಿಹೋಗುತ್ತೆ, ಸಂಜೆ ಹೋಗೋಣ" ಅಂದೆ.

ಇಡೀ ದಿನದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಇದು. ರೈಲಿನದು ಬೇರೆಯವರ ತಪ್ಪು ಅನ್ನಬಹುದು. ಇದು ನನ್ನದೇ.

ಗುಂಕಾನ್‌ಜಿಮಾ ಬಗ್ಗೆ ಗೊತ್ತಿಲ್ಲದವರಿಗೆ: ಅದರ ನಿಜವಾದ ಹೆಸರು ಹಾಶಿಮಾ. ಬಂದರಿನಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿರುವ ಪುಟ್ಟ ದ್ವೀಪ. ಸಮುದ್ರದ ತಳದಿಂದ ಕಲ್ಲಿದ್ದಲು ತೆಗೆಯುತ್ತಿದ್ದರು. ಒಂದು ಕಾಲದಲ್ಲಿ ಐದು ಸಾವಿರಕ್ಕೂ ಹೆಚ್ಚು ಜನ ಅಲ್ಲಿ ಇದ್ದರು. 1974ರಲ್ಲಿ ಗಣಿ ಮುಚ್ಚಿತು, ಎಲ್ಲರೂ ಬಿಟ್ಟು ಹೋದರು. ಈಗ ಖಾಲಿ ಕಾಂಕ್ರೀಟ್ ಕಟ್ಟಡಗಳು ಸಮುದ್ರದ ನಡುವೆ ನಿಂತಿವೆ. 2015ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಯುದ್ಧದ ಸಮಯದಲ್ಲಿ ಕೊರಿಯಾ, ಚೀನಾದವರನ್ನು ತಂದು ಅಲ್ಲಿ ಬಲವಂತವಾಗಿ ದುಡಿಸಿದ್ದೂ ಉಂಟು. ನೋಡಬೇಕಾದ ಜಾಗವೇ, ಅದರಲ್ಲಿ ಅನುಮಾನ ಇಲ್ಲ.

ಆದರೆ ದೋಣಿಯಲ್ಲಿ ಹೋದವರೆಲ್ಲ ದ್ವೀಪದ ಮೇಲೆ ಇಳಿಯುತ್ತಾರೆ ಅಂತ ಅಂದುಕೊಳ್ಳಬೇಡಿ. ಗಾಳಿ ಸೆಕೆಂಡಿಗೆ 5 ಮೀಟರ್ ದಾಟಿದರೆ, ಅಲೆ ಅರ್ಧ ಮೀಟರಿಗಿಂತ ಎತ್ತರ ಇದ್ದರೆ ಇಳಿಸುವಂತಿಲ್ಲ ಅನ್ನೋದು ನಿಯಮ. ಅರ್ಧ ಮೀಟರ್ ಅಂದರೆ ಮೊಣಕಾಲಿನಷ್ಟು. ದಡದಲ್ಲಿ ನಿಂತು ನೋಡಿದರೆ ಸಮುದ್ರ ಶಾಂತವಾಗೇ ಇದೆ ಅನ್ನಿಸುತ್ತದೆ. ಇಳಿದರೂ ಓಡಾಡಲು ಸಿಗುವುದು ಸುಮಾರು 220 ಮೀಟರ್ ಕಾಲುದಾರಿ ಮಾತ್ರ. ಶೌಚಾಲಯ ಇಲ್ಲ. ಕೊಡೆ ಬಿಡಿಸುವಂತಿಲ್ಲ. ನಿಯಮ ಪಾಲಿಸುತ್ತೇನೆ ಅಂತ ಮೊದಲೇ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ.

ನಮ್ಮನ್ನು ಇಳಿಸಲಿಲ್ಲ. ಬಂದರು ದಾಟಿ ಹೊರಗೆ ಹೋಗುತ್ತಿದ್ದಂತೆ ದೋಣಿ ಎತ್ತಿ ಎತ್ತಿ ಹಾಕತೊಡಗಿತು. ದ್ವೀಪದ ಸುತ್ತ ಒಂದು ಸುತ್ತು ಹಾಕಿ, ಮೈಕಿನಲ್ಲಿ ಕ್ಷಮೆ ಕೇಳಿ, ವಾಪಸ್ ತಿರುಗಿಸಿದರು. ನಾನು ಆ ಕಟ್ಟಡಗಳನ್ನು ಸರಿಯಾಗಿ ನೋಡಲೂ ಇಲ್ಲ. ಅಮ್ಮನಿಗೆ ವಾಂತಿ ಶುರುವಾಗಿತ್ತು. ಒಂದು ಕೈಯಲ್ಲಿ ಕವರ್ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಕೊಕ್ಕರೆ ಸರದ ಚೀಲವನ್ನು ಒದ್ದೆಯಾಗದ ಹಾಗೆ ಎದೆಗೆ ಒತ್ತಿಕೊಂಡಿದ್ದಳು. ಬೆಳಿಗ್ಗೆಯಿಂದ ಅವಳ ಹೊಟ್ಟೆಗೆ ಬಿದ್ದದ್ದೇ ಎರಡು ಬಾಳೆಹಣ್ಣು. (ಸಸ್ಯಾಹಾರಿಗಳು ಊಟ ಕಟ್ಟಿಕೊಂಡೇ ಹೋಗಿ. ನಾಗಸಾಕಿಯ ಚಾಂಪೊನ್ ನೂಡಲ್ಸ್ ಹಂದಿ ಮೂಳೆಯ ಸಾರಿನಲ್ಲಿ ಮಾಡಿದ್ದು, ಕಸ್ತೆಲಾ ಕೇಕಿನಲ್ಲಿ ಮೊಟ್ಟೆ ಇರುತ್ತದೆ. ಬರೀ ತರಕಾರಿ ಅಂತ ಕಂಡ ಸಾರಿನಲ್ಲೂ ಮೀನಿನ ರಸ ಇರುವುದು ಮಾಮೂಲು.)

ದಡಕ್ಕೆ ಬಂದಾಗ ನಾಲ್ಕು ಗಂಟೆ ಆಗುತ್ತಾ ಬಂದಿತ್ತು. ಅಮ್ಮ ಅರ್ಧ ಗಂಟೆ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಳು. ಎಬ್ಬಿಸಲು ಮನಸ್ಸಾಗಲಿಲ್ಲ. ಆಮೇಲೆ ಟ್ರಾಮ್ ಹಿಡಿದೆವು. ಶಿಂಚಿ ಚೈನಾಟೌನ್‌ನಲ್ಲಿ ಇಳಿದು 1ನೇ ನಂಬರಿನ ಟ್ರಾಮ್ ಹತ್ತಬೇಕು. ನಂಬರ್ ನೋಡಿ ಹತ್ತಿದೆ, ದಿಕ್ಕು ನೋಡಲಿಲ್ಲ. ಅದು ಸೋಫುಕುಜಿ ಕಡೆಗೆ ಹೋಗುವ ಟ್ರಾಮ್. ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದ ಮೇಲೆ ನನಗೆ ಗೊತ್ತಾಯಿತು. ನೀವು ಮ್ಯೂಸಿಯಂಗೆ ಹೋಗುವುದಾದರೆ 'ಅಕಾಸಾಕೊ' ಅಂತ ಬೋರ್ಡ್ ಇರುವ 1 ಅಥವಾ 3ನೇ ನಂಬರ್ ಹತ್ತಿ, 'ಗೆಂಬಾಕು ಶಿರ್ಯೋಕಾನ್' ಸ್ಟಾಪಿನಲ್ಲಿ ಇಳಿಯಿರಿ. ಹಿಂದಿನ ಬಾಗಿಲಲ್ಲಿ ಹತ್ತಿ, ಇಳಿಯುವಾಗ ಮುಂದೆ ದುಡ್ಡು ಹಾಕಬೇಕು. ಸ್ಟಾಪಿನಿಂದ ಮೇಲಕ್ಕೆ ಏರುದಾರಿ ಇದೆ. ವಯಸ್ಸಾದವರಿದ್ದರೆ ಅದಕ್ಕೂ ಹತ್ತು ನಿಮಿಷ ಜಾಸ್ತಿ ಇಟ್ಟುಕೊಳ್ಳಿ.

ನಾವು ಆ ಏರು ಹತ್ತಿ ಬಾಗಿಲಿಗೆ ಬಂದಾಗ 5 ಗಂಟೆ 8 ನಿಮಿಷ. ಸೆಪ್ಟೆಂಬರ್‌ನಿಂದ ಏಪ್ರಿಲ್‌ವರೆಗೆ ಮ್ಯೂಸಿಯಂ ಐದೂವರೆಗೆ ಮುಚ್ಚುತ್ತದೆ. ಒಳಗೆ ಬಿಡುವುದು ಐದರವರೆಗೆ ಮಾತ್ರ. ಮೇನಿಂದ ಆಗಸ್ಟ್‌ವರೆಗೆ ಒಂದು ಗಂಟೆ ಜಾಸ್ತಿ ತೆರೆದಿರುತ್ತದೆ. ನಾನು ಓದಿಕೊಂಡಿದ್ದು ಆ ಬೇಸಿಗೆಯ ಸಮಯವನ್ನು. ಡಿಸೆಂಬರ್ 29ರಿಂದ 31ರವರೆಗೆ ಪೂರ್ತಿ ರಜೆ, ವರ್ಷದ ಕೊನೆಗೆ ಹೋಗುವವರು ಗಮನಿಸಿ.

ಕೌಂಟರಿನಲ್ಲಿದ್ದ ಹೆಂಗಸು ಬಗ್ಗಿ ಕ್ಷಮೆ ಕೇಳಿದರು. ಅವರ ತಪ್ಪೇನೂ ಇಲ್ಲ. ಅಮ್ಮ ಅವರಿಗೆ ಕೈ ಮುಗಿದಳು. ನನ್ನ ಕಡೆ ತಿರುಗಿ "ಆ ಗಡಿಯಾರ ಇಲ್ಲೇ ಒಳಗಿದೆ ಅಲ್ವೇನೋ?" ಅಂತ ಕೇಳಿದಳು. 11 ಗಂಟೆ 2 ನಿಮಿಷಕ್ಕೆ ನಿಂತುಹೋದ ಗಡಿಯಾರ. ತರಗತಿಯಲ್ಲಿ ಕರಿಹಲಗೆ ಮೇಲೆ ಅದರ ಚಿತ್ರ ಬರೆಯುತ್ತಿದ್ದಳಂತೆ. "ಹೌದಮ್ಮ" ಅಂದೆ. ಅದಕ್ಕಿಂತ ಹೆಚ್ಚು ಮಾತು ಹೊರಡಲಿಲ್ಲ.

ಕೆಳಗೆ ಬಾಂಬ್ ಸಿಡಿದ ಜಾಗದ ಪಾರ್ಕ್ ಇದೆ. ಅದಕ್ಕೆ ಬಾಗಿಲಿಲ್ಲ, ಯಾವಾಗ ಬೇಕಾದರೂ ಹೋಗಬಹುದು. ನಡುವೆ ಒಂದು ಕಪ್ಪು ಕಲ್ಲಿನ ಕಂಬ. ಅಲ್ಲಿಂದ ಸುಮಾರು 500 ಮೀಟರ್ ಮೇಲೆ ಬಾಂಬ್ ಸಿಡಿದದ್ದು. ಆ ವರ್ಷ ಮುಗಿಯುವುದರೊಳಗೆ ಸುಮಾರು 74,000 ಜನ ಸತ್ತರು. ಕತ್ತಲಾಗುತ್ತಿತ್ತು. ಅಮ್ಮ ಮಕ್ಕಳ ಕೊಕ್ಕರೆ ಸರ ತೆಗೆದು, ಬೇರೆಯವರು ಕಟ್ಟಿದ್ದ ಸರಗಳ ಪಕ್ಕ ಕಟ್ಟಿದಳು. ಬಣ್ಣಬಣ್ಣದ ಕಾಗದದ ನಡುವೆ ನಮ್ಮ ಗೆರೆ ಹಾಳೆಯ ಕೊಕ್ಕರೆಗಳು. ಕಂಬದ ತುದಿ ನೋಡಿದಳು, ಆಮೇಲೆ ಅದಕ್ಕಿಂತ ಮೇಲಕ್ಕೆ, ಆಕಾಶಕ್ಕೆ.

ಎದುರಿನ ದಿಬ್ಬದ ಮೇಲೆ ಶಾಂತಿ ಪಾರ್ಕ್. ಅಲ್ಲಿನ ಕಾರಂಜಿಯ ಮುಂದೆ ಒಂದು ಕಲ್ಲಿನಲ್ಲಿ, ಅಂದು ಬದುಕಿ ಉಳಿದ ಪುಟ್ಟ ಹುಡುಗಿಯೊಬ್ಬಳ ಮಾತು ಕೆತ್ತಿದ್ದಾರೆ. ಟಾರ್ಚ್ ಹಾಕಿ, ಫೋನಿನಲ್ಲಿ ಅನುವಾದ ಮಾಡಿ ಅಮ್ಮನಿಗೆ ಓದಿ ಹೇಳಿದೆ. ಬಾಯಾರಿಕೆ ತಡೆಯಲಾಗಲಿಲ್ಲ, ನೀರಿನ ಮೇಲೆ ಎಣ್ಣೆಯಂಥದ್ದು ತೇಲುತ್ತಿತ್ತು, ಆದರೂ ಕುಡಿದೆ ಅಂತ ಅದರ ಅರ್ಥ. ಅಮ್ಮ ಇನ್ನೊಂದು ಸಲ ಓದಿಸಿದಳು.

ನಿಮ್ಮಲ್ಲಿ ಯಾರಾದರೂ ಹೋಗುವುದಾದರೆ ನಾನು ಬೇಡಿಕೊಳ್ಳುವುದು ಇಷ್ಟು. ನಾಗಸಾಕಿಯಲ್ಲೇ ಒಂದು ರಾತ್ರಿ ಉಳಿಯಿರಿ. ಆಗದಿದ್ದರೆ ಹಕಾತಾದಲ್ಲಿ ಉಳಿದು ಅಲ್ಲಿಂದ ಹೋಗಿ ಬನ್ನಿ, ಒಂದೂವರೆ ಗಂಟೆಯ ದಾರಿ. ಮ್ಯೂಸಿಯಂ ಬೆಳಿಗ್ಗೆ ಎಂಟೂವರೆಗೇ ತೆರೆಯುತ್ತದೆ, ಮೊದಲು ಅಲ್ಲಿಗೇ ಹೋಗಿ. ದೋಣಿಯ ಟಿಕೆಟ್ ಕೈತಪ್ಪಿದರೂ ಚಿಂತೆಯಿಲ್ಲ ಅನ್ನುವಂತಿದ್ದರೆ ಮಾತ್ರ ಅದನ್ನು ತೆಗೆದುಕೊಳ್ಳಿ. ಜೊತೆಯಲ್ಲಿ ಬಂದವರು "ಮೊದಲು ಅಲ್ಲಿಗೆ ಹೋಗೋಣ" ಅಂದರೆ, ಕಟ್ಟಿದ ದುಡ್ಡಿನ ಲೆಕ್ಕ ಹೇಳಬೇಡಿ.

ರಾತ್ರಿ ವಾಪಸ್ ಬರುವಾಗ ಅಮ್ಮ ನಿದ್ದೆ ಮಾಡುತ್ತಾಳೆ ಅಂದುಕೊಂಡಿದ್ದೆ. ಮಾಡಲಿಲ್ಲ. ಕೊಕುರಾದಲ್ಲಿ ರೈಲು ನಿಂತಾಗ ಮತ್ತೆ ಕಿಟಕಿಗೆ ಮುಖ ಒತ್ತಿದಳು. ಶಾಲೆಯ ಯೂನಿಫಾರ್ಮ್ ಹಾಕಿದ ಒಬ್ಬ ಹುಡುಗ ಬ್ಯಾಗ್ ಹೆಗಲಿಗೆ ಹಾಕಿಕೊಂಡು ನಮ್ಮ ಡಬ್ಬಿಯಿಂದ ಇಳಿದ. ಅವನು ಮೆಟ್ಟಿಲು ಇಳಿದು ಮರೆಯಾಗುವವರೆಗೂ ಅಮ್ಮ ಅವನನ್ನೇ ನೋಡುತ್ತಿದ್ದಳು.