ಸಪ್ತಾಪುರದ ಟಿಇಟಿ ಬ್ಯಾಚ್: ದುಡ್ಡು ಕಟ್ಟುವ ಮುನ್ನ

ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್ ಬೋರ್ಡುಗಳಿಗೆ ಬರವಿಲ್ಲ. ಕೆಎಎಸ್, ಪಿಎಸ್ಐ, ಎಫ್‌ಡಿಎ ಬೋರ್ಡುಗಳ ನಡುವೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಯದ್ದೂ ತೂಗುತ್ತಿರುತ್ತದೆ. ಇಲ್ಲಿ ಹೇಳುತ್ತಿರುವುದು ಅಂಥದ್ದೊಂದು ಸಂಸ್ಥೆಯ 12 ವಾರಗಳ ಬ್ಯಾಚಿನ ಬಗ್ಗೆ. ಬೆಳಿಗ್ಗೆ 10ರಿಂದ 1, ಭಾನುವಾರ ರಜೆ, ನೋಟ್ಸ್ ಸೇರಿ ₹8,000. ಹೆಸರು ಬೇಡ, ಪಕ್ಕದ ಗಲ್ಲಿಯವೂ ಹೆಚ್ಚೂಕಡಿಮೆ ಇದೇ ಅಚ್ಚಿನವು.

ತೊಂದರೆ ಶುರುವಾಗುವುದು ಪ್ರವೇಶದ ದಿನವೇ. ಏನು ಓದಿ ಬಂದಿದ್ದೀರಿ ಎಂದು ಯಾರೂ ಕೇಳುವುದಿಲ್ಲ. ಪಿಯುಸಿ ಮುಗಿಸಿ ಡಿ.ಎಲ್.ಇಡಿ (ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ) ಮಾಡಿದವರು, ಬಿಎಸ್ಸಿ ಆದಮೇಲೆ ಎರಡು ವರ್ಷ ಬಿ.ಇಡಿ ಓದಿದವರು, ನಾಲ್ಕಾರು ವರ್ಷ ಅತಿಥಿ ಶಿಕ್ಷಕರಾಗಿ ದುಡಿದವರು, ಎಲ್ಲರಿಗೂ ಒಂದೇ ಬೆಂಚು, ಒಂದೇ ನೋಟ್ಸ್. ಪರೀಕ್ಷೆ ಮಾತ್ರ ಒಂದೇ ಅಲ್ಲ. 1ರಿಂದ 5ನೇ ತರಗತಿಗೆ ಪತ್ರಿಕೆ 1, 6ರಿಂದ 8ಕ್ಕೆ ಪತ್ರಿಕೆ 2. ಬಿ.ಇಡಿ ಒಂದನ್ನೇ ಮಾಡಿದವರು 1ರಿಂದ 5ನೇ ತರಗತಿಯ ಹುದ್ದೆಗೆ ಅರ್ಹರಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟಿನಲ್ಲೇ ಹೇಳಿದೆ. ಆದರೂ ಕೌಂಟರಿನಲ್ಲಿ ಅವರಿಗೂ 'ಎರಡೂ ಪೇಪರ್ ಸೇರಿ ₹11,000' ಎಂದು ಚೀಟಿ ಹರಿಯುತ್ತಾರೆ. ಬಿ.ಇಡಿಯವರು ಆ ₹3,000 ಉಳಿಸಿಕೊಳ್ಳಿ.

ಲೆಕ್ಕ ಸರಳ: 150 ಪ್ರಶ್ನೆ, 150 ಅಂಕ, ಎರಡೂವರೆ ಗಂಟೆ. ಸಾಮಾನ್ಯ ವರ್ಗಕ್ಕೆ 90 ಅಂಕ ಬೇಕು, ಪರಿಶಿಷ್ಟರು ಮತ್ತು ಪ್ರವರ್ಗ 1ರವರಿಗೆ ಶೇ 55. ಪತ್ರಿಕೆ 2ರಲ್ಲಿ ಸೈಕಾಲಜಿ, ಕನ್ನಡ, ಇಂಗ್ಲಿಷ್ ತಲಾ 30, ಮಿಕ್ಕ 60 ಅಂಕ ಬೋಧಿಸುವ ವಿಷಯಕ್ಕೆ. ಸೈಕಾಲಜಿಯಲ್ಲಿ 22, ಕನ್ನಡದಲ್ಲಿ 24, ಇಂಗ್ಲಿಷಿನಲ್ಲಿ 16 ಬಂದರೆ ವಿಷಯದಲ್ಲಿ 28 ಬಂದರೂ ಪಾಸು ಗಟ್ಟಿ. ನೇಮಕಾತಿಯ ಮೆರಿಟ್‌ನಲ್ಲಿ ಟಿಇಟಿ ಅಂಕಕ್ಕೂ ಪಾಲಿರುವುದರಿಂದ 90ಕ್ಕೇ ನಿಲ್ಲುವುದು ಜಾಣತನವಲ್ಲ. ವಿಜ್ಞಾನದವರ ಆ 60ರಲ್ಲಿ ಅರ್ಧ ಗಣಿತ, ಅರ್ಧ ವಿಜ್ಞಾನ. ಪದವಿಯಲ್ಲಿ ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ) ಓದಿದವರು ಗಣಿತ ಬಿಟ್ಟು ಎಷ್ಟೋ ವರ್ಷವಾಗಿರುತ್ತದೆ, ಪಿಸಿಎಂನವರಿಗೆ (ಭೌತ, ರಸಾಯನ, ಗಣಿತ) ಜೀವಶಾಸ್ತ್ರ ಮರೆತಿರುತ್ತದೆ. ಈ ಬ್ಯಾಚಿನಲ್ಲಿ ಇಬ್ಬರಿಗೂ ಒಂದೇ ಪಾಠ, ಅದೂ ಪಿಯು ಮಟ್ಟದ್ದು. ಬೇಕಿರುವುದು 6ರಿಂದ 10ನೇ ತರಗತಿಯ ಪಠ್ಯ. ಅದರ ಪಿಡಿಎಫ್ ಕರ್ನಾಟಕ ಪಠ್ಯಪುಸ್ತಕ ಸಂಘದ ತಾಣದಲ್ಲಿ ಪುಕ್ಕಟೆ ಸಿಗುತ್ತದೆ.

ಕನ್ನಡದ ಪಾಠ ಚೆನ್ನಾಗಿದೆ. ಅಪಠಿತ ಗದ್ಯ, ಪದ್ಯ ಎರಡನ್ನೂ ಓದಿಸಿ, ತಪ್ಪು ಆಯ್ಕೆ ಯಾಕೆ ತಪ್ಪು ಎಂದು ಬಿಡಿಸಿ ಹೇಳುತ್ತಾರೆ. ಕೊಟ್ಟ ದುಡ್ಡಿಗೆ ಮೋಸವಿಲ್ಲದ ಭಾಗ ಇದೊಂದೇ.

ಸೈಕಾಲಜಿ ಮಾತ್ರ ಬರೀ ಉರು. ಮಗುವಿನ ಬುದ್ಧಿ ಬೆಳೆಯುವ ಬಗೆಯನ್ನು ವಯಸ್ಸಿನ ಪ್ರಕಾರ ವಿಂಗಡಿಸಿದ ಮನೋವಿಜ್ಞಾನಿ ಪಿಯಾಜೆಯ ನಾಲ್ಕು ಹಂತಗಳ ಪಟ್ಟಿ ನೋಟ್ಸಿನಲ್ಲಿ ಸರಿಯಾಗಿಯೇ ಇದೆ: 0–2 ವರ್ಷ, 2–7, 7–11, ಆಮೇಲಿನದು. ಪಕ್ಕದಲ್ಲಿ 'ನೀರು, ಗ್ಲಾಸು = ಸಂರಕ್ಷಣೆ = ಮೂರ್ತ ಕ್ರಿಯೆಗಳ ಹಂತ' ಎಂಬ ಸೂತ್ರ. ಸಂರಕ್ಷಣೆ ಅಂದರೆ ಪಾತ್ರೆ ಬದಲಾದರೂ ಪ್ರಮಾಣ ಬದಲಾಗದು ಎಂಬ ತಿಳಿವು, ಅದು ಬರುವ ಮೂರ್ತ ಕ್ರಿಯೆಗಳ ಹಂತ 7–11ರದು. ಮಾದರಿ ಪರೀಕ್ಷೆಗೆ ಬಂದ ಪ್ರಶ್ನೆ ಹೀಗಿತ್ತು: ಎರಡು ಲೋಟದಲ್ಲಿ ಸಮ ನೀರಿದೆ. ಒಂದರ ನೀರನ್ನು ಕಣ್ಣೆದುರೇ ಎತ್ತರದ, ಕಿರಿದಾದ ಗ್ಲಾಸಿಗೆ ಸುರಿದಾಗ ಮಗು 'ಇದರಲ್ಲೇ ಜಾಸ್ತಿ' ಎನ್ನುತ್ತದೆ. ಆ ಮಗು ಯಾವ ಹಂತದಲ್ಲಿದೆ? ಸೂತ್ರ ಕಲಿತವರು ಮೂರ್ತ ಕ್ರಿಯೆಗಳ ಹಂತಕ್ಕೆ ಗುರುತು ಹಾಕಿದರು. ಸರಿಯುತ್ತರ 2–7ರ ಕ್ರಿಯಾಪೂರ್ವ ಹಂತ. ಮಗು ಎತ್ತರವನ್ನಷ್ಟೇ ನೋಡಿ ಅಗಲವನ್ನು ಬಿಟ್ಟಿದೆ, ಸಂರಕ್ಷಣೆ ಇನ್ನೂ ಕೈಗೂಡಿಲ್ಲ. ಒಂದನೇ ತರಗತಿಗೆ ಪಾಠ ಮಾಡಿದ ಅತಿಥಿ ಶಿಕ್ಷಕರಿಗೆ ಇದು ತಾನಾಗಿ ಹೊಳೆಯುತ್ತದೆ. ಅಂಥವರು ಈ ಅವಧಿಗೆ ಕೂರುವುದಕ್ಕಿಂತ ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವುದು ಲೇಸು. ಡಿ.ಎಲ್.ಇಡಿ ಮುಗಿಸಿ ನೇರ ಬಂದವರೇ ಎಡವುವುದು.

ಇತ್ತೀಚೆಗೆ ಇನ್ನೊಂದು ಗುಂಪು ವಿಚಾರಿಸಲು ಬರುತ್ತಿದೆ: ಹಳೆಯ ಶಿಕ್ಷಕ ತರಬೇತಿಯಾದ ಟಿಸಿಎಚ್ ಕಾಲದಲ್ಲಿ ನೌಕರಿ ಹಿಡಿದ ಹಿರಿಯ ಮೇಷ್ಟ್ರುಗಳು. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದವರು ಎರಡು ವರ್ಷದಲ್ಲಿ ಟಿಇಟಿ ಪಾಸಾಗಬೇಕು, ಅದಕ್ಕಿಂತ ಕಡಿಮೆ ಉಳಿದವರಿಗೆ ಟಿಇಟಿ ಇಲ್ಲದೆ ಬಡ್ತಿ ಇಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ತೀರ್ಪು ಕೊಟ್ಟಿತು. ಶಾಲೆಯ ಹೊತ್ತಿನಲ್ಲೇ ನಡೆಯುವ ಬ್ಯಾಚು ಇವರಿಗೆ ಏನು ಉಪಯೋಗ? ಭಾನುವಾರದ ತರಗತಿ ಮಾಡಿ ಎಂದರೆ ಸಂಸ್ಥೆಯವರು 'ನೋಡೋಣ ಸರ್' ಎನ್ನುತ್ತಾರೆ. ಇವರಿಗೆ ಪಾಠವೂ ಅಷ್ಟಾಗಿ ಬೇಕಿಲ್ಲ, ಇಂಗ್ಲಿಷ್ ಮತ್ತು ಓಎಂಆರ್ (ಗುಳ್ಳೆ ತುಂಬುವ ಉತ್ತರ ಹಾಳೆ) ಅಭ್ಯಾಸ ಸಾಕು.

ಆ ಓಎಂಆರ್ ಅಭ್ಯಾಸವೇ ಇಲ್ಲಿಲ್ಲ. ವಾರದ ಟೆಸ್ಟು ಜೆರಾಕ್ಸ್ ಹಾಳೆಯಲ್ಲಿ, 50 ಪ್ರಶ್ನೆ, ಟಿಕ್ ಹಾಕಿ ಕೊಟ್ಟರೆ ಮುಗಿಯಿತು. ನಿಜವಾದ ಪರೀಕ್ಷೆಯಲ್ಲಿ ಪ್ರಶ್ನೆಗೆ ಸಿಗುವುದು ಒಂದೇ ನಿಮಿಷ, ಗುಳ್ಳೆ ತುಂಬುವ ಸಮಯವೂ ಅದರಲ್ಲೇ. ಬಾಲ್ ಪೆನ್ನಿನಲ್ಲಿ ತುಂಬಿದ್ದನ್ನು ಅಳಿಸಲಾಗದು. ಒಂದು ಪ್ರಶ್ನೆ ಬಿಟ್ಟು ಮುಂದೆ ಹೋದವರು ಗುಳ್ಳೆಯ ಸಾಲು ತಪ್ಪಿಸಿದರೆ ಅಲ್ಲಿಂದ ಕೆಳಗಿನ ಉತ್ತರವೆಲ್ಲ ಹಾಳು. ತಪ್ಪಿಗೆ ಅಂಕ ಕಳೆಯುವುದಿಲ್ಲ, ಹಾಗಾಗಿ ಯಾವುದನ್ನೂ ಖಾಲಿ ಬಿಡಬೇಡಿ. 150 ಗುಳ್ಳೆಗಳ ಖಾಲಿ ಹಾಳೆ ಹತ್ತು ಪ್ರಿಂಟ್ ಹಾಕಿಸಿ, ಗಡಿಯಾರ ಎದುರಿಗಿಟ್ಟುಕೊಂಡು ಮನೆಯಲ್ಲೇ ತುಂಬಿ.