ಮನೆ ಫೋನಿನ ರೋಬೋಕಾಲ್ ಕಾಟಕ್ಕೆ ವಿಟೆಕ್ ಸ್ಮಾರ್ಟ್ ಕಾಲ್ ಬ್ಲಾಕರ್: ಅಮೆರಿಕದಲ್ಲಿರುವ ನಮ್ಮವರಿಗೊಂದು ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ಮನೆಯಲ್ಲಿ ಇನ್ನೂ ಲ್ಯಾಂಡ್‌ಲೈನ್ ಇಟ್ಟುಕೊಂಡಿದ್ದರೆ ವಿಟೆಕ್ ಕಂಪನಿಯ ಈ ಕಾರ್ಡ್‌ಲೆಸ್ ಫೋನ್ ಧೈರ್ಯವಾಗಿ ತಗೊಳ್ಳಿ. ಆದರೆ 1,000 ನಂಬರ್ ಬ್ಲಾಕ್ ಮಾಡಬಹುದು ಅಂತ ಕಂಪನಿಯವರು ಹೇಳುತ್ತಾರಲ್ಲ, ಅದನ್ನು ನಂಬಿಕೊಂಡು ತಗೋಬೇಡಿ. ಅದರಿಂದ ಜಾಸ್ತಿ ಉಪಯೋಗ ಇಲ್ಲ. ರೋಬೋಕಾಲ್ ಅಂದರೆ ಮಷಿನ್ ತಾನಾಗಿ ಮಾಡುವ, ರೆಕಾರ್ಡ್ ಮಾಡಿದ ದನಿಯ ಕರೆ. ಅದನ್ನು ತಡೆಯಲು ಇದರಲ್ಲಿ ನಿಜವಾಗಿ ಕೆಲಸ ಮಾಡುವುದು ಸ್ಕ್ರೀನಿಂಗ್. ಬಾಗಿಲು ತಟ್ಟಿದವರನ್ನು ಯಾರು ಅಂತ ಕೇಳಿ ಆಮೇಲೆ ಚಿಲಕ ತೆಗೆಯುತ್ತೇವಲ್ಲ, ಹಾಗೆ.

ಈ ಕಾಲದಲ್ಲಿ ಲ್ಯಾಂಡ್‌ಲೈನ್ ಯಾಕೆ ಅಂತ ಕೇಳಬಹುದು. ವಯಸ್ಸಾದವರು ಜೊತೆಗಿದ್ದರೆ ಗೊತ್ತಾಗುತ್ತದೆ. ದೊಡ್ಡ ಬಟನ್, ಕಿವಿಗೆ ಸರಿಯಾಗಿ ಕೂರುವ ರಿಸೀವರ್, ತುರ್ತು ಸಹಾಯದ 911ಕ್ಕೆ ಮಾಡಿದರೆ ಮನೆ ವಿಳಾಸ ತಾನಾಗಿಯೇ ಹೋಗುತ್ತದೆ. ನಮ್ಮ ಮಾವನವರಿಗೆ ಮಂಡಿ ನೋವು. ಫೋನ್ ರಿಂಗ್ ಆಯಿತು ಅಂತ ಸೋಫಾದಿಂದ ಎದ್ದು, ವಾಕರ್ ಹಿಡಿದುಕೊಂಡು, ಅಡುಗೆಮನೆ ಗೋಡೆವರೆಗೆ ಬಂದು ಹಲೋ ಅಂದರೆ ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಒಂದು ಟಕ್ ಶಬ್ದ. ಆಮೇಲೆ ನಿಮ್ಮ ಮೆಡಿಕೇರ್ ಬಗ್ಗೆ ಮುಖ್ಯವಾದ ವಿಷಯ ಇದೆ ಅಂತ ಒಂದು ರೆಕಾರ್ಡ್ ಮಾಡಿದ ದನಿ. ಮೆಡಿಕೇರ್ ಅಂದರೆ ಹಿರಿಯರಿಗೆ ಇಲ್ಲಿನ ಸರ್ಕಾರ ಕೊಡುವ ಆರೋಗ್ಯ ವಿಮೆ. ಅಕ್ಟೋಬರ್ 15ರಿಂದ ಡಿಸೆಂಬರ್ 7ರವರೆಗೆ ಮೆಡಿಕೇರ್ ಪ್ಲಾನ್ ಬದಲಿಸುವ ಸಮಯ, ಆಗಂತೂ ಕಾಟ ವಿಪರೀತ. ಮೆಡಿಕೇರ್‌ನವರು ಹೀಗೆ ತಾವಾಗಿ ಫೋನ್ ಮಾಡಿ ಏನನ್ನೂ ಮಾರುವುದಿಲ್ಲ, ಕಾರ್ಡ್ ನಂಬರ್ ಕೇಳುವುದಿಲ್ಲ. ಇದನ್ನು ಮನೆಯ ಹಿರಿಯರಿಗೆ ಇವತ್ತೇ ಹೇಳಿ.

ನಂಬರ್ ಬ್ಲಾಕ್ ಮಾಡಿದರೆ ಯಾಕೆ ಸಾಲದು ಅಂದರೆ, ಸ್ಕ್ರೀನ್ ಮೇಲೆ ಕಾಣುವ ನಂಬರ್ ಆ ಮೋಸಗಾರರದ್ದಲ್ಲ. ನಿಮ್ಮದೇ ಏರಿಯಾ ಕೋಡ್, ಮುಂದಿನ ಮೂರು ಅಂಕಿಯೂ ನಿಮ್ಮದೇ, ಪಕ್ಕದ ಬೀದಿಯವರು ಯಾರೋ ಮಾಡುತ್ತಿದ್ದಾರೆ ಅನ್ನಿಸುವ ಹಾಗೆ ಸುಳ್ಳು ನಂಬರ್ ಹಾಕುತ್ತಾರೆ. ಇವತ್ತು ಒಂದು, ನಾಳೆ ಇನ್ನೊಂದು. ನೀವು ಬ್ಲಾಕ್ ಮಾಡುವುದು ಏನೂ ಅರಿಯದ ಯಾರದೋ ನಂಬರನ್ನು. ಸಾವಿರಾರು ನಂಬರ್ ಮೊದಲೇ ತುಂಬಿಸಿ ಮಾರುವ ಬ್ಲಾಕರ್ ಡಬ್ಬಿಗಳದ್ದೂ ಇದೇ ಕಥೆ. ಮಾರಾಟದ ಕರೆ ಬೇಡ ಅನ್ನುವವರಿಗಾಗಿ 2003ರಿಂದ ಇರುವ ಸರ್ಕಾರಿ ಡು ನಾಟ್ ಕಾಲ್ ಪಟ್ಟಿಗೆ ನಂಬರ್ ಸೇರಿಸಿ, ಖರ್ಚಿಲ್ಲ, ಆದರೆ ಅದನ್ನು ಪಾಲಿಸುವುದು ಕಾನೂನಿಗೆ ಹೆದರುವ ಕಂಪನಿಗಳು ಮಾತ್ರ. ರಾಜಕೀಯದವರಿಗೆ, ಚಾರಿಟಿಯವರಿಗೆ, ಸರ್ವೇ ಮಾಡುವವರಿಗೆ ಅದು ಅನ್ವಯಿಸುವುದೇ ಇಲ್ಲ. ನಂಬರ್ ಅಸಲಿಯೋ ನಕಲಿಯೋ ಅಂತ ನೋಡುವ ಸ್ಟಿರ್/ಶೇಕನ್ ವ್ಯವಸ್ಥೆ 2021ರ ಜೂನ್ 30ರಿಂದ ದೊಡ್ಡ ಫೋನ್ ಕಂಪನಿಗಳಿಗೆ ಕಡ್ಡಾಯವಾಯಿತು, ಆದರೆ ಅದು ಇಂಟರ್ನೆಟ್ ಮೇಲೆ ಸಾಗುವ ಕರೆಗಷ್ಟೇ. ಕರೆ ದಾರಿಯಲ್ಲಿ ಎಲ್ಲೋ ಹಳೆಯ ತಾಮ್ರದ ಕಾಲದ ನೆಟ್‌ವರ್ಕ್‌ಗೆ ಇಳಿಯಿತು ಅಂದರೆ ಆ ಗುರುತು ಅಲ್ಲೇ ಬಿದ್ದುಹೋಗುತ್ತದೆ. ನಷ್ಟ ಆಗುವುದು ಹಳೆ ಲೈನ್ ಇಟ್ಟುಕೊಂಡ ಹಿರಿಯರಿಗೇ. ನನಗೆ ಸಿಟ್ಟು ಬರುವುದು ಇಲ್ಲೇ. ಕಾರ್ ವಾರಂಟಿ ಹೆಸರಿನಲ್ಲಿ ರೋಬೋಕಾಲ್ ಮಾಡುತ್ತಿದ್ದ ಒಂದು ಗುಂಪಿಗೆ ಅಮೆರಿಕದ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 2023ರಲ್ಲಿ ಸುಮಾರು 30 ಕೋಟಿ ಡಾಲರ್ ದಂಡ ಹಾಕಿತು. ಅವರು 2021ರಲ್ಲಿ ಮೂರೇ ತಿಂಗಳಲ್ಲಿ ಮಾಡಿದ್ದು 500 ಕೋಟಿಗೂ ಜಾಸ್ತಿ ಕರೆ. ಇಂಥವರ ಮುಂದೆ ನಾವು ಒಂದೊಂದೇ ನಂಬರ್ ಬ್ಲಾಕ್ ಮಾಡುತ್ತಾ ಕೂತರೆ ಮುಗಿಯುವ ಮಾತಾ?

ಈಗ ಫೋನಿನ ವಿಷಯ. ಸ್ಮಾರ್ಟ್ ಕಾಲ್ ಬ್ಲಾಕರ್ ಅನ್ನುವುದು ವಿಟೆಕ್‌ನ ಹಲವು ಕಾರ್ಡ್‌ಲೆಸ್ ಮಾಡೆಲ್‌ಗಳಲ್ಲಿದೆ. ಎಟಿ ಆ್ಯಂಡ್ ಟಿ ಹೆಸರಿನಲ್ಲಿ ಸಿಗುವ ಮನೆ ಫೋನ್‌ಗಳನ್ನು ಮಾಡುವುದೂ ಇವರೇ, ಹಾಗಾಗಿ ಅವುಗಳಲ್ಲೂ ಇದೇ ಸೌಲಭ್ಯ. ಗೊತ್ತಿಲ್ಲದ ನಂಬರ್‌ನಿಂದ ಕರೆ ಬಂದರೆ ಮನೆಯಲ್ಲಿ ರಿಂಗ್ ಆಗುವುದೇ ಇಲ್ಲ. ಫೋನೇ ಎತ್ತಿ, ಹೆಸರು ಹೇಳಿ ಪೌಂಡ್ (#) ಬಟನ್ ಒತ್ತಿ ಅಂತ ಆ ಕಡೆಯವರಿಗೆ ಹೇಳುತ್ತದೆ. ಮಷಿನ್‌ಗೆ ಅದು ಬರಲ್ಲ. ಅದು ತನ್ನ ಪಾಠ ಒಪ್ಪಿಸುತ್ತಾ ಇರುತ್ತದೆ, ಕರೆ ಕಟ್ ಆಗುತ್ತದೆ. ಮನುಷ್ಯರಾದರೆ ಹೆಸರು ಹೇಳುತ್ತಾರೆ, ಆಗ ರಿಂಗ್ ಆಗುತ್ತದೆ. ನೀವು ಎತ್ತಿದಾಗ ಮೊದಲು ಆ ಹೆಸರು ಅವರದೇ ದನಿಯಲ್ಲಿ ಕೇಳಿಸುತ್ತದೆ. ಮಾತಾಡಬಹುದು, ಬೇಡ ಅನ್ನಬಹುದು, ಆನ್ಸರಿಂಗ್ ಮಷಿನ್‌ಗೆ ದಾಟಿಸಬಹುದು. ಈಗ ಸಂಜೆ ಕಾಲರ್ ಐಡಿ ಪಟ್ಟಿ ತೆಗೆದು ನೋಡಿದರೆ ಸಾಲಾಗಿ ಅಪರಿಚಿತ ನಂಬರ್‌ಗಳು. ಮಾವನವರು ಮಧ್ಯಾಹ್ನ ಅಷ್ಟೂ ಹೊತ್ತು ನೆಮ್ಮದಿಯಾಗಿ ನಿದ್ದೆ ಮಾಡಿರುತ್ತಾರೆ.

ಒಂದು ಮಾತು. ಸುಮ್ನೆ ಪ್ಲಗ್ ಹಾಕಿ ಬಿಟ್ಟರೆ ಸಾಲದು. ಮೊದಲ ಸಲ ಹಾಕಿದಾಗ ಸ್ಕ್ರೀನಿಂಗ್ ಬೇಕಾ ಅಂತ ಫೋನೇ ಕೇಳುತ್ತದೆ, ಅದಕ್ಕೆ ಹೂಂ ಅನ್ನಬೇಕು. ಫೋನ್ ಕಂಪನಿಯಿಂದ ಕಾಲರ್ ಐಡಿ ಸೇವೆಯೂ ಇರಬೇಕು, ಇಲ್ಲದಿದ್ದರೆ ಇದ್ಯಾವುದೂ ಸರಿಯಾಗಿ ನಡೆಯಲ್ಲ. ಆಮೇಲೆ ಡೈರೆಕ್ಟರಿ ತುಂಬಿಸಿ. ಒಂದು ಭಾನುವಾರ ಕೂತು ನೆಂಟರು, ಡಾಕ್ಟರು, ದೇವಸ್ಥಾನ, ಕನ್ನಡ ಸಂಘದ ಗೆಳೆಯರು ಎಲ್ಲರ ನಂಬರ್ ಹಾಕಿಬಿಡಿ. ಅವರಿಗೆ ಪ್ರಶ್ನೆಯಿಲ್ಲದೆ ನೇರ ರಿಂಗ್.

ಮರೆಯಬಾರದ ಇನ್ನೊಂದು, ಸ್ಟಾರ್ ನೇಮ್ ಪಟ್ಟಿ. ಹಿಮ ಬಿದ್ದು ಶಾಲೆಗೆ ರಜೆ, ಫಾರ್ಮಸಿಯಲ್ಲಿ ಮಾತ್ರೆ ರೆಡಿ, ನಾಳೆ ಡಾಕ್ಟರ್ ಅಪಾಯಿಂಟ್‌ಮೆಂಟ್, ಇವೂ ಮಷಿನ್ ಮಾಡುವ ಕರೆಗಳೇ ಅಲ್ವಾ? ಇವು ಹೆಸರು ಹೇಳಲಾರವು. ಕಾಲರ್ ಐಡಿಯಲ್ಲಿ ಅವುಗಳ ಹೆಸರು ಹೇಗೆ ಬರುತ್ತದೋ ಹಾಗೇ ಈ ಪಟ್ಟಿಗೆ ಸೇರಿಸಿದರೆ ಒಳಗೆ ಬರುತ್ತವೆ. 10 ಹೆಸರಿಗೆ ಜಾಗ ಇದೆ, ಒಂದು ಮನೆಗೆ ಸಾಕು.

ಊರಿಂದ ಬರುವ ಫೋನಿಗೆ ವಿಶೇಷ ಗಮನ ಬೇಕು. ಶಿವಮೊಗ್ಗದಿಂದ ದೊಡ್ಡಮ್ಮ ಫೋನ್ ಮಾಡಿದಾಗ ಇಂಗ್ಲಿಷ್‌ನಲ್ಲಿ ಏನೋ ದನಿ ಕೇಳಿಸಿದರೆ ರಾಂಗ್ ನಂಬರ್ ಅಂದುಕೊಂಡು ಇಟ್ಟುಬಿಡುತ್ತಾರೆ. ಭಾರತದ ನಂಬರ್ ಇಲ್ಲಿ ಕೆಲವು ಸಲ 91 ಸೇರಿ, ಕೆಲವು ಸಲ ಬೇರೆ ರೀತಿ, ಕೆಲವು ಸಲ ನಂಬರೇ ಇಲ್ಲದೆ ಬರುತ್ತದೆ. ಒಮ್ಮೆ ಅವರಿಂದ ಫೋನ್ ಮಾಡಿಸಿ, ಸ್ಕ್ರೀನ್ ಮೇಲೆ ಹೇಗೆ ಕಾಣುತ್ತದೋ ಹಾಗೆಯೇ ಸೇವ್ ಮಾಡಿ. ನಂಬರ್ ಇಲ್ಲದ ಕರೆಗಳನ್ನು ಪೂರ್ತಿ ಬ್ಲಾಕ್ ಮಾಡುವ ಆಯ್ಕೆಯನ್ನು ಮಾತ್ರ ಒತ್ತಲೇಬೇಡಿ. ಅಪರಾತ್ರಿಯಲ್ಲಿ ಊರಿಂದ ಬರುವ ತುರ್ತು ಕರೆ ಅದೇ ಆಗಿರಬಹುದು.

ನಿಮ್ಮ ಲೈನ್ ಕೇಬಲ್ ಅಥವಾ ಫೈಬರ್ ಮೂಲಕ ಬರುತ್ತಿದ್ದರೆ ಹೊಸ ಫೋನಿಗೆ ದುಡ್ಡು ಹಾಕುವ ಮುಂಚೆ ನೋಮೊರೋಬೋ ನೋಡಿ. 2013ರಲ್ಲಿ, ಗ್ರಾಹಕರ ಹಿತ ಕಾಯುವ ಅಮೆರಿಕ ಸರ್ಕಾರದ ಸಂಸ್ಥೆಯಾದ ಎಫ್‌ಟಿಸಿಯ ರೋಬೋಕಾಲ್ ಸ್ಪರ್ಧೆಯಲ್ಲಿ ಬಹುಮಾನ ಗೆದ್ದ ಸೇವೆ ಇದು, ಮನೆಯ ಇಂಟರ್ನೆಟ್ ಫೋನಿಗೆ ಉಚಿತ. ಕರೆ ಒಟ್ಟಿಗೇ ಅವರ ಸರ್ವರ್‌ಗೂ ಹೋಗುತ್ತದೆ, ಕಳ್ಳ ನಂಬರ್ ಆದರೆ ಮೊದಲ ರಿಂಗ್ ಆದಮೇಲೆ ಅವರೇ ಎತ್ತಿ ಮುಗಿಸುತ್ತಾರೆ. ಆ ಒಂದು ರಿಂಗ್ ಕೇಳಿಸಿಯೇ ಕೇಳಿಸುತ್ತದೆ. ಮಂಡಿ ನೋವಿನವರಿಗೆ ಎರಡನೇ ರಿಂಗ್ ಆದಮೇಲೇ ಏಳಿ ಅಂತ ಹೇಳಿಕೊಟ್ಟರೆ ಆಯಿತು. ಹಳೆ ತಾಮ್ರದ ಲೈನಿಗೆ ಇದು ನಡೆಯಲ್ಲ.

ಫೋನಿನಿಂದ ಆಗದ ಕೆಲಸವನ್ನೂ ಹೇಳಬೇಕು. ಆ ಕಡೆ ಮನುಷ್ಯನೇ ಇದ್ದು, ಯಾವುದೋ ಹೆಸರು ಹೇಳಿ ಬಟನ್ ಒತ್ತಿದರೆ ರಿಂಗ್ ಆಗುತ್ತದೆ. ನಮ್ಮವರನ್ನೇ ಗುರಿ ಮಾಡುವ ಒಂದು ಮೋಸ ಇದೆ. ಭಾರತೀಯ ರಾಯಭಾರ ಕಚೇರಿಯ ನಂಬರ್ ಕಾಣಿಸುವ ಹಾಗೆ ಮಾಡಿ, ನಿಮ್ಮ ಪಾಸ್‌ಪೋರ್ಟ್‌ನಲ್ಲಿ, ವೀಸಾ ಫಾರಂನಲ್ಲಿ ತಪ್ಪಿದೆ, ದುಡ್ಡು ಕಟ್ಟದಿದ್ದರೆ ಗಡಿಪಾರು ಅಂತ ಹೆದರಿಸುತ್ತಾರೆ. ವಾಷಿಂಗ್ಟನ್‌ನ ರಾಯಭಾರ ಕಚೇರಿಯೇ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಹಾಗಾಗಿ ರಾಯಭಾರ ಕಚೇರಿ ನಂಬರನ್ನು ಡೈರೆಕ್ಟರಿಯಲ್ಲಿ ಹಾಕಿಡಬೇಡಿ. ಹಾಕಿದರೆ ಕಳ್ಳನಿಗೂ ನೇರ ದಾರಿ.

ಬೇರೆ ಕೋಣೆಯಲ್ಲಿ ಹಳೆಯ ಫೋನ್ ಅದೇ ಲೈನಿಗೆ ಇದ್ದರೆ ಅದು ಬಡಿದುಕೊಳ್ಳುತ್ತದೆ, ಅದರ ರಿಂಗರ್ ಆಫ್ ಮಾಡಿ. ತೆಗೆದುಹಾಕಬೇಡಿ, ಯಾಕೆಂದರೆ ಕರೆಂಟ್ ಹೋದರೆ ಕಾರ್ಡ್‌ಲೆಸ್ ಕೆಲಸ ಮಾಡಲ್ಲ, ತಾಮ್ರದ ಲೈನಿನಲ್ಲಿ ವೈರ್ ಇರುವ ಹಳೆ ಫೋನ್ ಮಾಡುತ್ತದೆ.

ಈ ವಿಟೆಕ್ ಫೋನನ್ನು ಬೆಂಗಳೂರಿಗೆ, ಮೈಸೂರಿಗೆ ಅಪ್ಪ ಅಮ್ಮನಿಗೆ ತಗೊಂಡು ಹೋಗಬಹುದಾ ಅಂತ ಗೆಳೆಯರು ಕೇಳುತ್ತಾರೆ. ಬೇಡ. ಅಡಾಪ್ಟರ್ ಇಲ್ಲಿನ ವೋಲ್ಟೇಜ್‌ಗೆ ಮಾಡಿದ್ದು, ಕಾರ್ಡ್‌ಲೆಸ್ ಬಳಸುವ ತರಂಗಾಂತರವೂ ಅಮೆರಿಕದ್ದು. ಅಲ್ಲಿಯ ಲೈನಿಗೆ 1909ಕ್ಕೆ ಫೋನ್ ಮಾಡಿ, ಮಾರಾಟದ ಕರೆ ಬೇಡ ಅನ್ನುವ ಡಿಎನ್‌ಡಿ ಹಾಕಿಸಿ. ಆಮೇಲೂ ಮಾರಾಟದ ಕರೆ ಬಂದರೆ ದಿನಾಂಕ, ನಂಬರ್ ಬರೆದಿಟ್ಟುಕೊಂಡು ಅಲ್ಲೇ ದೂರು ಕೊಡಿ. 2025ರ ಫೆಬ್ರವರಿಯ ನಿಯಮ ತಿದ್ದುಪಡಿಯಲ್ಲಿ, ಕರೆ ಬಂದಮೇಲೆ ದೂರು ಕೊಡಲು ಇರುವ ಗಡುವನ್ನು 3 ದಿನದಿಂದ 7 ದಿನಕ್ಕೆ ಏರಿಸಿದ್ದಾರೆ.