ಹೊಸ ಕಾರಿಗೆ ಪಾಲಿಶ್ ಬೇಕಾ, ವ್ಯಾಕ್ಸ್ ಸಾಕಾ?

ಎರಡೂ ಒಂದೇ ಅಂದುಕೊಂಡವರು ಜಾಸ್ತಿ. ಅಲ್ಲ. ಪಾಲಿಶ್ ಗೀರು ಮಾಯಿಸಲು ಕ್ಲಿಯರ್ ಕೋಟನ್ನು, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರವನ್ನು, ಒಂಚೂರು ಉಜ್ಜಿ ತೆಗೆಯುತ್ತದೆ. ಆ ಪದರ ಇರುವುದೇ ಸುಮಾರು 40–50 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್). ವ್ಯಾಕ್ಸ್ ಏನನ್ನೂ ತೆಗೆಯುವುದಿಲ್ಲ, ಮೇಲೆ ಕೂತು ಕಾಯುತ್ತದೆ. ಗೀರೇ ಇಲ್ಲದ ಕಾರಿಗೆ ಸುಮ್ನೆ ಪಾಲಿಶ್ ಯಾಕೆ, ಅಲ್ವಾ? ನನ್ನ ಓಟು ವ್ಯಾಕ್ಸಿಗೆ.

ಅದರಲ್ಲೂ ಎರಡು ಬಗೆ. ಬ್ರೆಜಿಲ್‌ನ ತಾಳೆ ಎಲೆಯಿಂದ ಬರುವ ಕಾರ್ನೌಬಾದ ಹೊಳಪು ಚೆಂದ, ಆದರೆ ನಮ್ಮ ಬಿಸಿಲಿಗೆ ಒಂದೆರಡು ತಿಂಗಳಷ್ಟೇ. ಕಾರು ಬೀದಿಯಲ್ಲೇ ನಿಲ್ಲುವುದಾದರೆ ಸಿಂಥೆಟಿಕ್ ಸೀಲಂಟ್ (ಕೃತಕವಾಗಿ ತಯಾರಿಸಿದ ವ್ಯಾಕ್ಸ್) ವಾಸಿ, ಹೆಚ್ಚು ದಿನ ಬಾಳುತ್ತದೆ.

ಯಾವುದಾದರೂ ಮೊದಲು ತೊಳೆಯಬೇಕು. ಶಾಂಪೂಗೆ ಒಂದು ಬಕೆಟ್, ಬಟ್ಟೆ ಜಾಲಿಸಲು ಇನ್ನೊಂದು. ನಾನು ಮೊದಲ ವಾರವೇ ಹಳೆ ಬನಿಯನ್‌ನಲ್ಲಿ ಧೂಳು ಒರೆಸಿ, ಬಾನೆಟ್ ತುಂಬಾ ಜೇಡರ ಬಲೆಯಂಥ ಗೀರು ಮಾಡಿಕೊಂಡೆ. ಪಾಲಿಶ್ ಆಗ ಬೇಕಾಯಿತು!